ತಣ್ಣಗಿದ್ದೂ ಸವೆಯುವ ಪ್ರೊಸೆಸರ್

ಕಂಪ್ಯೂಟರಿನ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದನ್ನು ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಪ್ರೊಸೆಸರಿನೊಳಗಿನ ಟ್ರಾನ್ಸಿಸ್ಟರುಗಳು, ಅಂದರೆ ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಅತಿಸೂಕ್ಷ್ಮ ಸ್ವಿಚ್ಚುಗಳು, ಕ್ಲಾಕಿನ ಪ್ರತಿಯೊಂದು ಮಿಡಿತದೊಳಗೆ ತಮ್ಮ ಕೆಲಸವನ್ನು ಮುಗಿಸಬೇಕಾಗಿರುವುದರಿಂದ, ವೇಗ ಹೆಚ್ಚಿದಂತೆ ಕೆಲವಕ್ಕೆ ಸಮಯ ಸಾಲದೆ ಲೆಕ್ಕ ತಪ್ಪಿ ಯಂತ್ರ ಸ್ಥಗಿತಗೊಳ್ಳುತ್ತದೆ. ವೋಲ್ಟೇಜ್ ಏರಿಸಿದರೆ ಅವು ಇನ್ನಷ್ಟು ಚುರುಕಾಗುತ್ತವೆ; ಹೀಗಾಗಿಯೇ ಹವ್ಯಾಸಿಗಳ ಕೈ ಮೊದಲು ಅತ್ತ ಹೋಗುತ್ತದೆ.

ಇದರಿಂದ ಎದ್ದು ಕಾಣುವ ಅಪಾಯ ಶಾಖದ್ದು. ಟ್ರಾನ್ಸಿಸ್ಟರುಗಳು ಸ್ಥಿತಿ ಬದಲಿಸುವಾಗ ಬಳಸುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುವುದರಿಂದ, ಎರಡನ್ನೂ ಶೇ. 10ರಷ್ಟು ಹೆಚ್ಚಿಸಿದಾಗ ಆ ಬಳಕೆ ಸುಮಾರು ಶೇ. 33ರಷ್ಟು ಹೆಚ್ಚುತ್ತದೆ. ಆದರೆ ಇಂದಿನ ಪ್ರೊಸೆಸರುಗಳು ಮಿತಿಮೀರಿ ಬಿಸಿಯಾದರೆ ತಾವಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ, ಒಳ್ಳೆಯ ಕೂಲರ್ ಹಾಕಿದರೆ ತಾಪವೂ ಹತೋಟಿಯಲ್ಲಿರುತ್ತದೆ. ತಾಪಮಾನ ಕಡಿಮೆಯಿದ್ದ ಮೇಲೆ ಭಯವಿಲ್ಲ ಎಂಬ ನಂಬಿಕೆ ಹುಟ್ಟುವುದು ಇಲ್ಲಿಯೇ, ಮತ್ತು ಈ ನಂಬಿಕೆ ತಪ್ಪು.

ಪ್ರತಿ ಟ್ರಾನ್ಸಿಸ್ಟರಿನಲ್ಲಿಯೂ ಗೇಟ್ ಎಂಬ ನಿಯಂತ್ರಕ ಭಾಗವನ್ನು ಸಿಲಿಕಾನಿನಿಂದ ಬೇರ್ಪಡಿಸುವ ಒಂದು ಅವಾಹಕ ಪದರವಿರುತ್ತದೆ. ಇಂಟೆಲ್ ಕಂಪನಿಯ 65 ನ್ಯಾನೋಮೀಟರ್ ತಲೆಮಾರಿನಲ್ಲಿ ಈ ಪದರದ ದಪ್ಪ ಸುಮಾರು 1.2 ನ್ಯಾನೋಮೀಟರ್, ಎಂದರೆ ಕೆಲವೇ ಪರಮಾಣುಗಳಷ್ಟಿತ್ತು. ಇಷ್ಟು ತೆಳುವಾದ ಪದರದ ಮೇಲೆ 1.2 ವೋಲ್ಟ್ ಬಿದ್ದರೂ ಅಲ್ಲಿ ಉಂಟಾಗುವ ವಿದ್ಯುತ್ ಕ್ಷೇತ್ರ ಸೆಂಟಿಮೀಟರಿಗೆ ಒಂದು ಕೋಟಿ ವೋಲ್ಟಿನಷ್ಟಾಗುತ್ತದೆ. ಈ ಒತ್ತಡದಲ್ಲಿ ಪದರದೊಳಗೆ ದೋಷಗಳು ಒಂದೊಂದಾಗಿ ಸೇರುತ್ತಾ ಹೋಗಿ, ಕೊನೆಗೆ ಅವು ಕೂಡಿಕೊಂಡು ವಿದ್ಯುತ್ತಿಗೆ ದಾರಿ ಮಾಡಿಕೊಟ್ಟಾಗ ಟ್ರಾನ್ಸಿಸ್ಟರ್ ಕೆಡುತ್ತದೆ. ಅದಕ್ಕೂ ಮುನ್ನವೇ ಸಿಕ್ಕಿಬಿದ್ದ ವಿದ್ಯುದಂಶಗಳಿಂದ ಟ್ರಾನ್ಸಿಸ್ಟರ್ ನಿಧಾನಗೊಂಡು, ನಿನ್ನೆಯವರೆಗೆ ಸಾಕಾಗಿದ್ದ ವೋಲ್ಟೇಜ್ ಇಂದು ಸಾಲದಾಗುತ್ತದೆ. ಆಗ ಬಳಕೆದಾರರು ಅದನ್ನು ಮತ್ತಷ್ಟು ಏರಿಸುವುದರಿಂದ ಸವೆತವೂ ಮತ್ತಷ್ಟು ತೀವ್ರವಾಗುತ್ತದೆ.

ಒಳಗಿನ ಲೋಹದ ತಂತಿಗಳಿಗೂ ಹಾನಿ ತಪ್ಪಿದ್ದಲ್ಲ. ಹರಿಯುವ ಎಲೆಕ್ಟ್ರಾನುಗಳು, ಹೊಳೆಯ ನೀರು ದಂಡೆಯ ಮಣ್ಣನ್ನು ಕೊರೆದೊಯ್ಯುವಂತೆ, ಲೋಹದ ಪರಮಾಣುಗಳನ್ನು ತಳ್ಳಿಕೊಂಡು ಹೋಗುವ ಈ ಕ್ರಿಯೆಗೆ ಎಲೆಕ್ಟ್ರೋಮೈಗ್ರೇಶನ್ ಎಂದು ಹೆಸರು. ಮೋಟೊರೋಲಾದ ಜೇಮ್ಸ್ ಬ್ಲ್ಯಾಕ್ 1960ರ ದಶಕದ ಕೊನೆಯಲ್ಲಿ ನೀಡಿದ ಸಮೀಕರಣದಂತೆ, ವಿದ್ಯುತ್ ಪ್ರವಾಹದ ಸಾಂದ್ರತೆ ಹೆಚ್ಚಿದಂತೆ ತಂತಿಯ ಆಯುಷ್ಯ ಅದರ ವರ್ಗಕ್ಕನುಗುಣವಾಗಿ ಕುಗ್ಗುತ್ತದೆ.

2002ರಲ್ಲಿ ಬಂದ ನಾರ್ತ್‌ವುಡ್ ಪೆಂಟಿಯಂ 4 ಈ ಪಾಠವನ್ನು ಕಟುವಾಗಿ ಕಲಿಸಿತು. ಅದರ ಹಿಂದಿನ ವಿಲ್ಲಾಮೆಟ್ ಪ್ರೊಸೆಸರಿಗೆ 1.75 ವೋಲ್ಟ್ ಸಹಜವಾಗಿತ್ತು. ಆದರೆ ನಾರ್ತ್‌ವುಡ್ಡಿಗೆ ನಿಗದಿಯಾಗಿದ್ದದ್ದು 1.5 ವೋಲ್ಟಿನ ಆಸುಪಾಸು. ಹಳೆಯ ಅಂಕಿಯನ್ನೇ ನಂಬಿ 1.7 ವೋಲ್ಟಿಗಿಂತ ಮೇಲೇರಿಸಿದ ಹಲವರ ಪ್ರೊಸೆಸರುಗಳು, ಮೊದಲಿಗೆ ಯಾವ ತೊಂದರೆಯನ್ನೂ ತೋರದೆ, ವಾರಗಳು ಅಥವಾ ತಿಂಗಳುಗಳ ಬಳಿಕ ಹಠಾತ್ತನೆ ಸತ್ತುಹೋದವು.

ತಯಾರಕರೂ ಇದರಿಂದ ಹೊರತಲ್ಲ. 2023ರಲ್ಲಿ ಎಎಂಡಿಯ ರೈಜನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಸುಟ್ಟ ಬಳಿಕ, ಮೆಮೊರಿ ನಿಯಂತ್ರಕವನ್ನೊಳಗೊಂಡ ಭಾಗದ ವೋಲ್ಟೇಜನ್ನು 1.3 ವೋಲ್ಟಿಗೆ ಮಿತಿಗೊಳಿಸಲಾಯಿತು. 2024ರಲ್ಲಿ ಇಂಟೆಲ್ಲಿನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಒಳಗಿನ ನಿಯಂತ್ರಣ ಸಂಕೇತದ ದೋಷದಿಂದ ಅತಿಯಾದ ವೋಲ್ಟೇಜನ್ನು ಕೇಳುತ್ತಿದ್ದುದು ಬಯಲಾಯಿತು. ಕಂಪನಿ 1.55 ವೋಲ್ಟಿನ ಮಿತಿ ಹಾಕಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು, ಆದರೆ ಆಗಲೇ ಕೆಟ್ಟಿದ್ದವನ್ನು ಆ ತಿದ್ದುಪಡಿ ಸರಿಪಡಿಸಲಾರದಾಗಿತ್ತು. ಓವರ್‌ಕ್ಲಾಕ್ ಮಾಡದವರ ಯಂತ್ರಗಳಿಗೂ ಹೀಗಾದದ್ದು ಗಮನಾರ್ಹ.

ಪರದೆಯ ಮೇಲೆ ಕಾಣುವ ವೋಲ್ಟೇಜನ್ನೂ ಪೂರ್ತಿ ನೆಚ್ಚುವಂತಿಲ್ಲ. ಪ್ರೊಸೆಸರಿನ ಹೊರೆ ಥಟ್ಟನೆ ಇಳಿದಾಗ ವೋಲ್ಟೇಜ್ ಕ್ಷಣಮಾತ್ರ ಮೇಲಕ್ಕೆ ಚಿಮ್ಮುತ್ತದೆ, ಮತ್ತು ಭಾರ ಬಿದ್ದಾಗ ಅದು ಇಳಿಯದಂತೆ ತಡೆಯಲು ಮದರ್‌ಬೋರ್ಡಿನಲ್ಲಿರುವ ಲೋಡ್‌ಲೈನ್ ಕ್ಯಾಲಿಬ್ರೇಶನ್ ವ್ಯವಸ್ಥೆಯನ್ನು ಗರಿಷ್ಠ ಮಟ್ಟಕ್ಕೆ ಇಟ್ಟರೆ ಈ ಚಿಮ್ಮುವಿಕೆ ಹೆಚ್ಚುತ್ತದೆ. ಸಾಮಾನ್ಯ ತಂತ್ರಾಂಶಗಳು ಅದನ್ನು ಹಿಡಿಯಲಾರವು, ಆಸಿಲೋಸ್ಕೋಪ್ ಬೇಕಾಗುತ್ತದೆ. ತಯಾರಕರೇ ಪ್ರೊಸೆಸರುಗಳನ್ನು ಅವುಗಳ ಗರಿಷ್ಠ ವೇಗದ ಸಮೀಪಕ್ಕೆ ಒಯ್ದು ಮಾರುತ್ತಿರುವ ಈ ಕಾಲದಲ್ಲಿ, ಅನುಭವಿಗಳಲ್ಲಿ ಹಲವರು ವೇಗವನ್ನು ಹಾಗೆಯೇ ಉಳಿಸಿಕೊಂಡು ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುವ ಅಂಡರ್‌ವೋಲ್ಟಿಂಗ್ ಕಡೆಗೆ ಹೊರಳಿದ್ದಾರೆ. ಅದು ಅತಿಯಾದರೆ ಯಂತ್ರ ಸ್ಥಗಿತಗೊಳ್ಳಬಹುದು, ಉಳಿಸದ ಕೆಲಸ ಕಳೆದುಹೋಗಬಹುದು, ಆದರೆ ಸಿಲಿಕಾನ್ ಸವೆಯುವುದಿಲ್ಲ.