ಜಾಲದ ಪರ್ಯವೇಕ್ಷಣೆಯೂ ಫೈರ್‌ವಾಲಿನ ನಿಯಮಗಳೂ

ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಹೋಗುವವರಿಗೆ ಬೈಯಪ್ಪನಹಳ್ಳಿಯ ಬಳಿ ಸಿ-ಡ್ಯಾಕ್ ಸಂಸ್ಥೆಯ ನಾಲೆಡ್ಜ್ ಪಾರ್ಕ್ ಎಂಬ ಆವರಣವು ಕಾಣಸಿಗುತ್ತದೆ. ದೇಶದ ವಿದ್ಯಾಸಂಸ್ಥೆಗಳ ಹಾಗೂ ಸಂಶೋಧನಾಲಯಗಳ ಗಣಕಯಂತ್ರಗಳನ್ನು ಒಂದೇ ಜಾಲದಲ್ಲಿ ಪೋಣಿಸಿ, ಒಬ್ಬರ ಯಂತ್ರಶಕ್ತಿಯನ್ನು ಮತ್ತೊಬ್ಬರು ಬಳಸಿಕೊಳ್ಳುವಂತೆ ಮಾಡಲು ಹೊರಟ ‘ಗರುಡ’ ಯೋಜನೆಯು ಈ ಸಂಸ್ಥೆಯ ನೇತೃತ್ವದಲ್ಲಿ ನಡೆಯಿತು. ಅದರ ಮೊದಲ ಹಂತದಲ್ಲಿಯೇ 17 ನಗರಗಳ 45 ಸಂಸ್ಥೆಗಳು ಸೇರಿದ್ದುವು. ಇಷ್ಟು ದೂರ ಹರಡಿದ ಯಂತ್ರಗಳಲ್ಲಿ ಯಾವುದು ಕೆಲಸಮಾಡುತ್ತಿದೆ, ಯಾವುದು ಕೆಟ್ಟು ಕುಳಿತಿದೆ, ಯಾವುದರ ಮೇಲೆ ಎಷ್ಟು ಹೊರೆ ಬಿದ್ದಿದೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತೇ ತಿಳಿಯಲು ಇಲ್ಲಿನ ತಂತ್ರಜ್ಞರು ‘ಪರ್ಯವೇಕ್ಷಣಮ್’ ಎಂಬ ತಂತ್ರಾಂಶವನ್ನು ರಚಿಸಿದರು.

ಇಂಥ ತಂತ್ರಾಂಶಕ್ಕೂ ಫೈರ್‌ವಾಲಿಗೂ ಸ್ವಭಾವತಃ ವಿರೋಧವಿದೆ. ಒಂದರ ಕೆಲಸ ಎಲ್ಲವನ್ನೂ ನೋಡುವುದು. ಮತ್ತೊಂದರ ಕೆಲಸ ಹೊರಗಿನವರಿಗೆ ಏನನ್ನೂ ತೋರಗೊಡದಿರುವುದು. (ಫೈರ್‌ವಾಲ್ ಎಂಬುದಕ್ಕೆ ಅಗ್ನಿಭಿತ್ತಿ ಮೊದಲಾದ ಪದಗಳನ್ನು ಟಂಕಿಸಬಹುದಾದರೂ, ಪ್ರಯೋಗಶಾಲೆಯಲ್ಲಿ ಯಾರ ಬಾಯಲ್ಲಿಯೂ ಅವು ಬಾರದಿರುವುದರಿಂದ ಬಳಕೆಯ ಮಾತನ್ನೇ ಇಲ್ಲಿ ಇಟ್ಟುಕೊಂಡಿದ್ದೇವೆ.) ಈ ವಿರೋಧವನ್ನು ಬಗೆಹರಿಸಲು ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಹಿಡಿಯುವ ದಾರಿಯೆಂದರೆ ಫೈರ್‌ವಾಲನ್ನೇ ಆರಿಸಿಬಿಡುವುದು. ಅದರ ಅಪಾಯವೆಷ್ಟು, ಅದು ಎಷ್ಟು ಅನಗತ್ಯ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಜಾಲದಲ್ಲಿರುವ ಯಂತ್ರಕ್ಕೆ ಪೋರ್ಟ್ ಎಂಬ ಸಂಖ್ಯಾಂಕಿತ ಬಾಗಿಲುಗಳುಂಟು. ಅವುಗಳ ಸಂಖ್ಯೆ 65,535ರ ವರೆಗೆ ಹೋಗುತ್ತದೆ. ಯಾವ ಬಾಗಿಲನ್ನು ತೆರೆಯಬೇಕೆಂದು ಕೇಳುವುದಕ್ಕೆ ಮುನ್ನ, ಮೊದಲು ಕರೆಯುವವರು ಯಾರು ಎಂದು ಕೇಳಿಕೊಳ್ಳಬೇಕು. ಇಂದಿನ ಫೈರ್‌ವಾಲುಗಳು ಒಮ್ಮೆ ಸಮ್ಮತಿಸಿದ ಸಂಭಾಷಣೆಯನ್ನು ನೆನಪಿಟ್ಟುಕೊಂಡು ಅದರ ಮರುತ್ತರವನ್ನು ತಾವಾಗಿಯೇ ಒಳಬಿಡುತ್ತವೆ. ಆದುದರಿಂದ ನಿಯಮವು ಬೇಕಾಗುವುದು ಮೊದಲ ಕರೆಗೆ ಮಾತ್ರ. ಜ಼ಾಬಿಕ್ಸ್ ಎಂಬ ಪ್ರಸಿದ್ಧ ಪರ್ಯವೇಕ್ಷಣ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಕೇಂದ್ರದ ಸರ್ವರ್ ಪ್ರತಿಯೊಂದು ಯಂತ್ರವನ್ನೂ ತಾನೇ ವಿಚಾರಿಸುವ ಕ್ರಮದಲ್ಲಿ, ಆಯಾ ಯಂತ್ರದ 10050ನೆಯ ಪೋರ್ಟನ್ನು ತೆರೆಯಬೇಕು. ಯಂತ್ರಗಳೇ ಸುದ್ದಿಯನ್ನು ಕಳುಹಿಸುವ ಕ್ರಮದಲ್ಲಿ, ಸರ್ವರಿನ 10051ನೆಯ ಪೋರ್ಟ್ ಒಂದು ತೆರೆದಿದ್ದರೆ ಸಾಕು. ಅರುವತ್ತು ಯಂತ್ರಗಳ ಪ್ರಯೋಗಶಾಲೆಯಲ್ಲಿ ಮೊದಲನೆಯದಕ್ಕೆ ಅರುವತ್ತು ಬಾಗಿಲು, ಎರಡನೆಯದಕ್ಕೆ ಒಂದು. ಕಾಲೇಜಿನ ಮಟ್ಟಿಗೆ ಎರಡನೆಯ ಕ್ರಮವೇ ಮೇಲೆಂದು ನಮ್ಮ ಅಭಿಪ್ರಾಯ. ಮೊದಲನೆಯದನ್ನೇ ಆರಿಸಿಕೊಂಡರೆ, 10050ನ್ನು ಸರ್ವರಿನ ವಿಳಾಸವೊಂದಕ್ಕೆ ಮಾತ್ರ ತೆರೆಯತಕ್ಕದ್ದು. ಎಲ್ಲ ವಿಳಾಸಗಳಿಗೂ ತೆರೆಯುವುದು ಫೈರ್‌ವಾಲನ್ನು ಆರಿಸುವುದರ ಸಣ್ಣ ರೂಪವೇ ಸರಿ.

ಗರುಡದಂಥ ಜಾಲದಲ್ಲಿ ಈ ಪ್ರಶ್ನೆಯು ಇಷ್ಟು ಸರಳವಾಗಿರಲಿಲ್ಲ. ಅದು ಅವಲಂಬಿಸಿದ್ದ ಗ್ಲೋಬಸ್ ಎಂಬ ಮಧ್ಯಸ್ಥ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಕೆಲಸಗಳನ್ನು ಒಪ್ಪಿಸಲು 2119, ಕಡತಗಳನ್ನು ಸಾಗಿಸಲು 2811 ಎಂದು ಗೊತ್ತಾದ ಪೋರ್ಟುಗಳಿದ್ದುವು. ಅವನ್ನು ತೆರೆದು ಸುಮ್ಮನಿರುವಂತಿರಲಿಲ್ಲ. ಕೆಲಸವನ್ನು ಒಪ್ಪಿಸಿಕೊಂಡ ಯಂತ್ರವು ಅದರ ಸ್ಥಿತಿಯನ್ನು ತಿಳಿಸಲು ಒಪ್ಪಿಸಿದವರ ಯಂತ್ರವನ್ನು ತಾನಾಗಿ ಕರೆಯುತ್ತಿತ್ತು. ಕಡತದ ಸಾಗಾಟಕ್ಕೆ ಪ್ರತ್ಯೇಕ ಹಾದಿಯನ್ನು ಆಗಿಂದಾಗ ಬೇರೊಂದು ಪೋರ್ಟಿನಲ್ಲಿ ತೆಗೆಯುತ್ತಿತ್ತು. ಆ ಪೋರ್ಟಿನ ಸಂಖ್ಯೆ ಮುಂಚಿತವಾಗಿ ಯಾರಿಗೂ ಗೊತ್ತಿಲ್ಲ. ಹಾಗೆಂದು ಸಾವಿರಾರು ಪೋರ್ಟುಗಳನ್ನು ತೆರೆದಿಡಲು ಯಾವ ಜಾಲಾಧಿಕಾರಿ ತಾನೇ ಒಪ್ಪಿಯಾನು? ಗ್ಲೋಬಸಿನ ರಚನಕಾರರು ಇದಕ್ಕೆ ಒಂದು ಮಿತಿಯನ್ನು ಕಟ್ಟುವ ಉಪಾಯವನ್ನು ಕೊಟ್ಟರು: ತಾತ್ಕಾಲಿಕ ಪೋರ್ಟುಗಳನ್ನು ಇಂತಿಷ್ಟರಿಂದ ಇಂತಿಷ್ಟರ ಒಳಗೇ ಆರಿಸಿಕೊಳ್ಳಬೇಕೆಂದು ತಂತ್ರಾಂಶಕ್ಕೆ ಹೇಳಿ, ಅದೇ ಶ್ರೇಣಿಯನ್ನು ಫೈರ್‌ವಾಲಿನಲ್ಲಿ ತೆರೆಯುವುದು. ಶ್ರೇಣಿ ಕಿರಿದಾದರೆ ಏಕಕಾಲದ ಕೆಲಸಗಳಿಗೆ ಪೋರ್ಟುಗಳು ಸಾಲವು. ಹಿರಿದಾದರೆ ಗೋಡೆ ಜೊಳ್ಳಾಗುತ್ತದೆ. ಇದಲ್ಲದೆ ಎರಡೂ ಕಡೆಯ ಸಂಖ್ಯೆಗಳು ಒಂದಕ್ಕೊಂದು ಹೊಂದಿರಬೇಕು. ತಂತ್ರಾಂಶದಲ್ಲಿ ಒಂದು ಶ್ರೇಣಿ, ಫೈರ್‌ವಾಲಿನಲ್ಲಿ ಮತ್ತೊಂದು ಇದ್ದಲ್ಲಿ, ಕೆಲವು ಕರೆಗಳು ನಡೆದು ಕೆಲವು ನಿಂತು, ದೋಷವನ್ನು ಹುಡುಕುವವರ ತಲೆ ಕೆಡುತ್ತದೆ.

ಬಾಗಿಲು ಮುಚ್ಚಿದೆಯೆಂಬುದನ್ನು ಫೈರ್‌ವಾಲ್ ಎರಡು ವಿಧದಲ್ಲಿ ತಿಳಿಸಬಲ್ಲುದು. ಸ್ಪಷ್ಟವಾಗಿ ನಿರಾಕರಿಸುವುದು ಒಂದು. ಕರೆಯನ್ನು ಸದ್ದಿಲ್ಲದೆ ನುಂಗಿಬಿಡುವುದು ಮತ್ತೊಂದು. ಇದೇ ರಸ್ತೆಯ ಮುಂದೆ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪಿತವಾದ ಐ.ಟಿ.ಐ. ಕಾರ್ಖಾನೆಯ ಟೆಲಿಫೋನುಗಳನ್ನು ಬಳಸಿದ ತಲೆಮಾರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಎಂಗೇಜ್ ಸದ್ದು ಕೇಳಿಸಿದರೆ ಆ ಕಡೆಯ ತಂತಿಯು ಸರಿಯಿದೆಯೆಂದು ಗೊತ್ತಾಗುತ್ತಿತ್ತು. ಏನೂ ಕೇಳಿಸದಿದ್ದರೆ ಫೋನ್ ಕೆಟ್ಟಿದೆಯೋ, ತಂತಿ ತುಂಡಾಗಿದೆಯೋ, ಮನೆಯವರು ಬೇಕೆಂದೇ ಕಿತ್ತಿಟ್ಟಿದ್ದಾರೋ ಹೇಳಲಾಗುತ್ತಿರಲಿಲ್ಲ. ಪರ್ಯವೇಕ್ಷಣ ತಂತ್ರಾಂಶದ ಸ್ಥಿತಿಯೂ ಇದೇ. ನಿರಾಕರಣೆಯು ಬಂದರೆ ಯಂತ್ರವು ಜೀವಂತವಾಗಿದೆ, ನಿಯಮವು ಅಡ್ಡವಾಗಿದೆ ಎಂದು ಬಹುಮಟ್ಟಿಗೆ ಊಹಿಸಬಹುದು. ಮೌನವೊಂದೇ ಉತ್ತರವಾದಾಗ, ಚೆನ್ನಾಗಿಯೇ ಇರುವ ಯಂತ್ರವನ್ನು ಅದು ಸತ್ತಿತೆಂದು ಕೆಂಪು ಅಕ್ಷರದಲ್ಲಿ ತೋರಿಸುತ್ತದೆ. ಮೇಲಾಗಿ, ಮೌನವು ಕಾಲವನ್ನೂ ತಿನ್ನುತ್ತದೆ. ಕರೆದ ಯಂತ್ರವು ಮತ್ತೆ ಮತ್ತೆ ಕರೆದು ಕೈಬಿಡುವುದಕ್ಕೆ ಒಂದೆರಡು ನಿಮಿಷಗಳಾದರೂ ಹಿಡಿಯುವುದುಂಟು. ಒಂದಾದ ಮೇಲೊಂದರಂತೆ ವಿಚಾರಿಸುವ ತಂತ್ರಾಂಶಕ್ಕೆ ಇಂಥ ಹತ್ತು ಯಂತ್ರಗಳು ಸಿಕ್ಕರೆ, ಒಂದು ಸುತ್ತು ಮುಗಿಯುವಷ್ಟರಲ್ಲಿ ಹತ್ತಿಪ್ಪತ್ತು ನಿಮಿಷಗಳು ಕಳೆದು, ಪರದೆಯ ಮೇಲಿನ ಸುದ್ದಿ ಹಳತಾಗಿರುತ್ತದೆ. ಆದುದರಿಂದ ಹೊರಗಿನ ಅಪರಿಚಿತರಿಗೆ ಮೌನವೂ, ನಮ್ಮದೇ ಪರ್ಯವೇಕ್ಷಣ ಸರ್ವರಿಗೆ ಸ್ಪಷ್ಟ ನಿರಾಕರಣೆಯೂ ಉಚಿತ.

ವಿಂಡೋಸ್ ಯಂತ್ರಗಳಲ್ಲಿ ಈ ಗೊಂದಲವು ನಿತ್ಯವೂ ಕಾಣುತ್ತದೆ. ಅವು ತಾವು ಸೇರಿದ ಜಾಲವನ್ನು ಸಾರ್ವಜನಿಕ ಅಥವಾ ಖಾಸಗಿ ಎಂದು ವಿಂಗಡಿಸಿ, ಸಾರ್ವಜನಿಕವೆಂದು ಎಣಿಸಿದ ಕಡೆ ಪಿಂಗ್ ಕರೆಗೂ ಓಗೊಡುವುದಿಲ್ಲ. ನಾವು ಬಲ್ಲ ಒಂದು ಪ್ರಯೋಗಶಾಲೆಯಲ್ಲಿ ಒಂದು ಬೆಳಗ್ಗೆ ಅರ್ಧದಷ್ಟು ಯಂತ್ರಗಳು ಕೆಂಪಗೆ ಕಂಡುವು; ವಿದ್ಯಾರ್ಥಿಗಳಾದರೋ ಅವುಗಳ ಮುಂದೆಯೇ ಕುಳಿತು ಪಾಠದ ಕೆಲಸವನ್ನು ಮಾಡುತ್ತಿದ್ದರು. ಜಾಲದ ವಿಂಗಡಣೆಯು ಬದಲಾಗಿತ್ತು, ಅಷ್ಟೆ. ಸಹಾಯಕರು ಒಂದೊಂದರಲ್ಲೂ ಫೈರ್‌ವಾಲನ್ನು ಆರಿಸಿ ಎಲ್ಲವನ್ನೂ ಹಸಿರು ಮಾಡಿದರು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಇಂಥ ಯಂತ್ರಗಳನ್ನೇ ಅರಸಿಕೊಂಡು ಬಂದಿತು. ದುರಸ್ತಿಯಾಗದ ವಿಂಡೋಸ್ ಯಂತ್ರಗಳ 445ನೆಯ ಪೋರ್ಟಿನ ಮೂಲಕ ಒಂದರಿಂದ ಮತ್ತೊಂದಕ್ಕೆ ತಾನಾಗಿ ಹರಡಿತು. ಪರ್ಯವೇಕ್ಷಣೆಗೆ 445ರಿಂದ ಆಗಬೇಕಾದುದೇನೂ ಇರಲಿಲ್ಲ. ಪಿಂಗಿಗೂ ತಂತ್ರಾಂಶದ ಪೋರ್ಟಿಗೂ ಎರಡು ನಿಯಮಗಳನ್ನು ಬರೆದಿದ್ದರೆ ಐದು ನಿಮಿಷಗಳ ಕೆಲಸವಾಗುತ್ತಿತ್ತು.

ಸ್ವಿಚ್, ರೌಟರ್ ಮೊದಲಾದವನ್ನು ವಿಚಾರಿಸುವ ಎಸ್.ಎನ್.ಎಂ.ಪಿ. ಪದ್ಧತಿಯ ವಿಷಯದಲ್ಲಿ ಒಂದೇ ಮಾತು. ಅದರ ಮೊದಲಿನ ಆವೃತ್ತಿಗಳಲ್ಲಿ ಗುಟ್ಟಿನ ಪದವು ಜಾಲದಲ್ಲಿ ಬಯಲಾಗಿಯೇ ಹರಿಯುತ್ತದೆ. ಅನೇಕ ಉಪಕರಣಗಳು ‘ಪಬ್ಲಿಕ್’ ಎಂಬ ಪದವನ್ನೇ ಹೊತ್ತು ಕಾರ್ಖಾನೆಯಿಂದ ಬರುತ್ತಿದ್ದುವು. ಮೂರನೆಯ ಆವೃತ್ತಿಯಲ್ಲಿ ಗೂಢಲಿಪಿಯ ರಕ್ಷಣೆಯುಂಟು. ಅದು ಸಾಧ್ಯವಿಲ್ಲದ ಕಡೆ ಪದವನ್ನು ಬದಲಿಸಿ, 161ನೆಯ ಪೋರ್ಟನ್ನು ಸರ್ವರ್ ಹೊರತು ಮಿಕ್ಕವರಿಗೆ ಮುಚ್ಚಬೇಕು.

ಗಡಿಯಾರವನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. ಗ್ಲೋಬಸಿನಲ್ಲಿ ಬಳಕೆದಾರನು ಪಡೆಯುತ್ತಿದ್ದ ತಾತ್ಕಾಲಿಕ ಪ್ರಮಾಣಪತ್ರದ ಆಯುಸ್ಸು ಸಾಮಾನ್ಯವಾಗಿ 12 ಗಂಟೆಗಳು. ಎರಡು ಯಂತ್ರಗಳ ಗಡಿಯಾರಗಳಲ್ಲಿ ಬಹಳ ಅಂತರವಿದ್ದರೆ, ಈಗತಾನೇ ಪಡೆದ ಪತ್ರವು ಆ ಕಡೆಯ ಯಂತ್ರಕ್ಕೆ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ತೋರಿ ಪ್ರವೇಶವು ತಪ್ಪುತ್ತಿತ್ತು. ಕಾಲವನ್ನು ಸರಿಪಡಿಸುವ ಎನ್.ಟಿ.ಪಿ. ಸೇವೆಗೆ 123ನೆಯ ಪೋರ್ಟಿನ ಹೊರದಾರಿ ಬೇಕು. ಫೈರ್‌ವಾಲು ಅದನ್ನು ತಡೆದಿದ್ದರೆ ದೋಷವು ಪ್ರಮಾಣಪತ್ರದಲ್ಲಿದೆಯೆಂದೇ ಭ್ರಮೆಯಾಗುತ್ತದೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಗಡಿಯಾರಗಳ ಹೊಂದಾಣಿಕೆಯೂ, ದಾಖಲೆಗಳನ್ನು 180 ದಿನಗಳ ಕಾಲ ಕಾಪಾಡುವುದೂ ಸೇರಿವೆ.

ಕಡೆಗೆ ನೋಡುವವನ ಮಾತು. ಎಲ್ಲ ಬಾಗಿಲುಗಳೂ ಯಾರಿಗೆ ತೆರೆದಿರುವುವೋ ಆ ಸರ್ವರೇ ಕಳ್ಳನಿಗೆ ಅತ್ಯಂತ ಪ್ರಿಯವಾದುದು. ಸೋಲಾರ್‌ವಿಂಡ್ಸ್ ಕಂಪನಿಯ ಓರಿಯನ್ ಎಂಬ ಪರ್ಯವೇಕ್ಷಣ ತಂತ್ರಾಂಶದ ಪರಿಷ್ಕೃತ ಆವೃತ್ತಿಯೊಳಗೇ ದುಷ್ಟ ಭಾಗವು ಸೇರಿದ್ದುದು 2020ರ ಡಿಸೆಂಬರಿನಲ್ಲಿ ಬಯಲಾಯಿತು. ಅದನ್ನು ಪಡೆದ ಗ್ರಾಹಕರ ಸಂಖ್ಯೆ ಹೆಚ್ಚೆಂದರೆ 18,000 ಎಂದು ಕಂಪನಿಯೇ ತಿಳಿಸಿತು. ಆ ಭಾಗವು ತನ್ನ ಒಡೆಯರೊಡನೆ ಮಾತನಾಡಲು ಅಂತರ್ಜಾಲಕ್ಕೆ ಹೊರದಾರಿ ಬೇಕಾಗಿತ್ತು. ಒಳಬರುವುದನ್ನು ತಡೆಯುವ ನಾವು ಹೊರಹೋಗುವುದನ್ನು ಸಾಮಾನ್ಯವಾಗಿ ಸ್ವತಂತ್ರವಾಗಿ ಬಿಟ್ಟಿರುತ್ತೇವೆ. ಪರ್ಯವೇಕ್ಷಣ ಸರ್ವರಿಗೆ ತಾನು ನೋಡುವ ಯಂತ್ರಗಳು, ಕಾಲದ ಸರ್ವರ್, ಎಚ್ಚರಿಕೆಯ ಪತ್ರವನ್ನು ಕಳುಹಿಸುವ ಅಂಚೆ ಸರ್ವರ್, ಇಷ್ಟರ ಹೊರತು ಬೇರಾವ ಹೊರದಾರಿಯೂ ನಿತ್ಯಕ್ಕೆ ಬೇಕಿಲ್ಲ. ತಂತ್ರಾಂಶದ ಪರಿಷ್ಕರಣಕ್ಕಾಗಿ ದಾರಿಯನ್ನು ತೆರೆದರೆ, ಕೆಲಸವಾದೊಡನೆ ಮುಚ್ಚಬಹುದು.

ಗ್ಲೋಬಸ್ ಟೂಲ್‌ಕಿಟ್‌ಗೆ ಅದರ ನಿರ್ಮಾಪಕರು ಕೊಡುತ್ತಿದ್ದ ಬೆಂಬಲವು 2018ರಲ್ಲಿ ಮುಗಿಯಿತು. ಯೋಜನೆಯು ಮುಗಿದ ಮೇಲೂ ಫೈರ್‌ವಾಲಿನ ನಿಯಮವು ತಾನಾಗಿ ಅಳಿಸಿಹೋಗುವುದಿಲ್ಲ. ಬರೆದವರು ನಿವೃತ್ತರಾಗಿ, ಬಂದವರು ಮುಟ್ಟಲು ಅಂಜಿ, ಅದು ಪಟ್ಟಿಯಲ್ಲಿ ಉಳಿದುಬಿಡುತ್ತದೆ. ಹಿಂದೆ ಇಂಥ ಜಾಲಗಳಲ್ಲಿ ಪಾಲುಗೊಂಡ ಕಾಲೇಜುಗಳು ತಮ್ಮ ನಿಯಮಗಳ ಪಟ್ಟಿಯಲ್ಲಿ 2119 ಮತ್ತು 2811ನ್ನೂ, ಅವುಗಳ ಜೊತೆಗೆ ತೆರೆದಿದ್ದ ತಾತ್ಕಾಲಿಕ ಶ್ರೇಣಿಯನ್ನೂ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.