ಪುಟಾಣಿಗಳ ಕೈಗೆ ಸಂಗೀತದ ತಂತ್ರಾಂಶ



ಮನೆಯಲ್ಲಿ ನಾಲ್ಕೈದು ವರ್ಷದ ಮಗುವಿದ್ದರೆ ತಟ್ಟೆ, ಡಬ್ಬಿ, ಬಾಗಿಲು ಎಲ್ಲವೂ ಅದಕ್ಕೆ ವಾದ್ಯವೇ. ಅದೇ ಮಗು ಕಂಪ್ಯೂಟರ್ ಮುಂದೆ ಕೂತರೆ ಮಾತ್ರ ಸುಮ್ಮನೆ ನೋಡುತ್ತಿರುತ್ತದೆ. ನೋಡುವ ಬದಲು ನುಡಿಸಲಿ ಎಂದು ಹುಡುಕಿದರೆ, ಉಚಿತವಾಗಿ ಸಿಗುವ ಎಷ್ಟೋ ಆಟಗಳಲ್ಲಿ ಜಾಹೀರಾತುಗಳದೇ ಕಾಟ. ಓದಲು ಬಾರದ ಮಗು ಯಾವುದನ್ನು ಒತ್ತುತ್ತದೋ ಹೇಳಲಾಗದು!

ಇದಕ್ಕೊಂದು ದಾರಿ ಮುಕ್ತ ತಂತ್ರಾಂಶ. ಇದರ ಮೂಲ ಸಂಕೇತ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಪುಟ್ಟ ಮಕ್ಕಳಿಗೆ ಒಪ್ಪುವ ಎರಡನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಜಿಕಾಂಪ್ರಿ. ಫ್ರೆಂಚ್ ಭಾಷೆಯಲ್ಲಿ ಈ ಹೆಸರಿನ ಉಚ್ಚಾರಕ್ಕೆ 'ನನಗೆ ಅರ್ಥವಾಯಿತು' ಎಂಬ ಅರ್ಥ ಬರುತ್ತದೆ. 2000ರಲ್ಲಿ ಶುರುವಾದ ಇದು 2ರಿಂದ 10 ವರ್ಷದ ಮಕ್ಕಳಿಗಾಗಿ ಇರುವ ನೂರಕ್ಕೂ ಹೆಚ್ಚು ಆಟಗಳ ಕಟ್ಟು. ಲಿನಕ್ಸ್, ವಿಂಡೋಸ್, ಆಂಡ್ರಾಯ್ಡ್ ಎಲ್ಲದರಲ್ಲೂ ನಡೆಯುತ್ತದೆ. ಸಂಗೀತದ ಆಟಗಳಲ್ಲಿ ಮೊದಲು 'ಮೆಲೊಡಿ' ತೆರೆಯಿರಿ. ಕೆಲವು ಸ್ವರಗಳು ಕೇಳಿಸುತ್ತವೆ. ಮಗು ಬಣ್ಣದ ಪಟ್ಟಿಗಳನ್ನು ಒತ್ತಿ ಅದೇ ಸ್ವರಗಳನ್ನು ನುಡಿಸಬೇಕು. ಗುರು ಹೇಳಿದ್ದನ್ನು ಶಿಷ್ಯ ತಿರುಗಿ ಹೇಳುವ ನಮ್ಮ ಪಾಠದ ಕ್ರಮವೇ ಇದು! ಅಕ್ಷರ ಬರಬೇಕಿಲ್ಲ, ಕಿವಿ ಇದ್ದರೆ ಸಾಕು. ಇದು ಕೈಗೆ ಬಂದ ಮೇಲೆ ಡ್ರಮ್ ಬಡಿದು ಲಯ ಹಿಡಿಯುವ ಆಟ, ಆಮೇಲೆ ಪಿಯಾನೊ. ಪಿಯಾನೊದಲ್ಲಿ ಇರುವುದು ಪಾಶ್ಚಾತ್ಯ ಸ್ವರಲಿಪಿ. ಅದಕ್ಕೆ ಅವಸರ ಬೇಡ.

ಎರಡನೆಯದು ಆಡಾಸಿಟಿ. ಇದು ಧ್ವನಿಮುದ್ರಣದ ತಂತ್ರಾಂಶ, ಮಕ್ಕಳಿಗೆಂದೇ ಮಾಡಿದ್ದಲ್ಲ. ಆದರೆ ಕೆಂಪು ಗುಂಡಿ ಒತ್ತಿದರೆ ಮುದ್ರಣ ಶುರು, ಅಷ್ಟೇ. ಊರಿನಿಂದ ಅಜ್ಜಿ ಬಂದಾಗ ಅವರ ಜೋಗುಳವನ್ನೋ ಶಿಶುಗೀತೆಯನ್ನೋ ಮುದ್ರಿಸಿಕೊಳ್ಳಿ. ಹಾಡು ಮಗುವಿಗೆ ವೇಗವೆನಿಸಿದರೆ 'ಚೇಂಜ್ ಟೆಂಪೊ' ಬಳಸಿ. ಶ್ರುತಿ ಬದಲಾಗದೆ ಹಾಡು ನಿಧಾನವಾಗುತ್ತದೆ. ಆಮೇಲೆ ಮಗುವಿನ ಕಿವಿಗೆ ಹೆಡ್‌ಫೋನ್ ಹಾಕಿ, ಅಜ್ಜಿಯ ಹಾಡು ಕೇಳಿಸುತ್ತಾ ಮಗುವಿನ ದನಿಯನ್ನು ಇನ್ನೊಂದು ಟ್ರ್ಯಾಕಿನಲ್ಲಿ ಮುದ್ರಿಸಿ. ಹೆಡ್‌ಫೋನ್ ಇಲ್ಲದಿದ್ದರೆ ಅಜ್ಜಿಯ ದನಿ ಮತ್ತೆ ಮೈಕಿಗೆ ಸೇರಿಬಿಡುತ್ತದೆ. ಕೊನೆಗೆ ಎರಡೂ ದನಿ ಕೂಡಿ ಕೇಳಿದಾಗ ಮಗುವಿನ ಮುಖ ನೋಡಿ!

ಇನ್ನು ಎರಡು ಕಿವಿಮಾತು. ತಂತ್ರಾಂಶವನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಒಮ್ಮೆ ಹಾಕಿಕೊಂಡ ಮೇಲೆ ಅಂತರಜಾಲದ ಸಂಪರ್ಕ ತೆಗೆದರೂ ಈ ಆಟ, ಮುದ್ರಣ ಎರಡೂ ನಡೆಯುತ್ತವೆ. ಮೊದಲ ಕೆಲವು ದಿನ ನೀವೂ ಪಕ್ಕದಲ್ಲಿ ಕೂತಿರಿ.

ಮುಂಬಯಿ, ಚೆನ್ನೈ, ದೆಹಲಿಯ ಶಾಲೆಗಳಲ್ಲಿ ನಮ್ಮ ಮಕ್ಕಳಿಗೆ ಕನ್ನಡದ ಹಾಡು ಕೇಳಿಸುವುದು ಕಡಿಮೆ. ಆ ಹಾಡುಗಳು ಇನ್ನೂ ಅಜ್ಜಿಯರ ಬಾಯಲ್ಲಿವೆ. ಅವರು ಮುಂದಿನ ಸಲ ಬಂದಾಗ ಕೆಂಪು ಗುಂಡಿ ಒತ್ತಲು ಮರೆಯಬೇಡಿ. ಮತ್ತೆ ಸಿಗೋಣ.