ಜೀಪಿನ ಎಂಜಿನ್ನೂ ಹತ್ತು ಜನರ ವಂತಿಗೆಯೂ

ಖಾನಾಪುರ ತಾಲೂಕಿನ ಕಾಡಂಚಿನಲ್ಲಿ, ಅಂದರೆ ಜಾಂಬೋಟಿ, ಕಣಕುಂಬಿ, ಗುಂಜಿ, ನಾಗರಗಾಳಿಯ ಕಡೆ, ತೋಟವಿದ್ದವನಿಗೆ ಜೀಪು ಡೌಲಿನ ವಸ್ತುವಲ್ಲ. ಬೆಳಿಗ್ಗೆ ಆಳುಗಳನ್ನು ತರುವುದು ಅದು, ಮಧ್ಯಾಹ್ನ ಗೊಬ್ಬರ ಹೊರುವುದು ಅದು, ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಬೆಳಗಾವಿಯ ಆಸ್ಪತ್ರೆಗೆ ಓಡುವುದೂ ಅದೇ. ಮಾಘಮಾಸದಲ್ಲಿ ಕಾಫಿ ಹಣ್ಣು ಕೊಯ್ದು ಚೀಲ ಕಟ್ಟಿದ ಮೇಲೆ ಜೀಪು ಕೈಕೊಟ್ಟರೆ ಆ ಹಣ್ಣು ನಾಳೆಯವರೆಗೆ ಕಾಯುವುದಿಲ್ಲ. ಅದೇ ದಿನ ಪಲ್ಪರಿಗೆ ಬೀಳದ ಹಣ್ಣಿನ ಗತಿ ಏನಾಗುತ್ತದೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೂ ನಮ್ಮ ಸಹಕಾರ ಸಂಘಗಳಲ್ಲಿ ಬೆಳೆ ಸಾಲವಿದೆ, ಅಡಿಕೆ ಮೇಲೆ ಮುಂಗಡವಿದೆ, ಪಂಪುಸೆಟ್ಟಿಗೆ ಸಾಲವಿದೆ. ಹೊಸ ವಾಹನ ಕೊಳ್ಳುವುದಕ್ಕಂತೂ ಬ್ಯಾಂಕಿನವರು ಮನೆ ಬಾಗಿಲಿಗೇ ಬರುತ್ತಾರೆ. ಇರುವ ಹಳೆಯ ವಾಹನದ ಎಂಜಿನ್ ಬಿಚ್ಚಬೇಕಾಗಿ ಬಂದಾಗ ಮಾತ್ರ ಯಾರೂ ಇಲ್ಲ. ಆಗ ನಮ್ಮ ಸಣ್ಣ ಬೆಳೆಗಾರ ಮಾಡುವುದೇನು? ಒಂದೋ ಹೆಂಡತಿಯ ಬಂಗಾರ ಅಡವಿಡುತ್ತಾನೆ, ಇಲ್ಲವೇ ಮರದ ಮೇಲಿನ ಅಡಿಕೆಯನ್ನು ವ್ಯಾಪಾರಿ ಹೇಳಿದ ದರಕ್ಕೆ ಮುಂಚೆಯೇ ಬರೆದುಕೊಡುತ್ತಾನೆ. ಎಂಜಿನ್ನಿನ ಬಿಲ್ಲಿಗಿಂತ ಈ ಎರಡನೆಯ ನಷ್ಟವೇ ದೊಡ್ಡದು.

ವಿಮೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಪಾಲಿಸಿಯ ಕಾಗದವನ್ನು ಒಮ್ಮೆ ಕನ್ನಡಕ ಹಾಕಿಕೊಂಡು ಓದಬೇಕು. ಅಪಘಾತ, ಬೆಂಕಿ, ಕಳವು, ನೆರೆ ಇವುಗಳಿಗೆ ವಿಮೆ ಉಂಟು. ಸವೆತಕ್ಕೂ ಯಾಂತ್ರಿಕ ಕೆಡುಕಿಗೂ ಇಲ್ಲವೆಂದು ಅದರಲ್ಲೇ ಬರೆದಿದೆ. ಮಳೆಗಾಲದಲ್ಲಿ ತುಂಬಿದ ಹಳ್ಳಕ್ಕೆ ಗಾಡಿ ಇಳಿಸಿ, ಏರ್ ಕ್ಲೀನರ್ ಮೂಲಕ ನೀರು ಸಿಲಿಂಡರಿಗೆ ಹೋದರೆ ಏನಾಗುತ್ತದೆ ನೋಡಿ: ಗಾಳಿಯನ್ನು ಒತ್ತಿದಂತೆ ನೀರನ್ನು ಒತ್ತಲು ಬರುವುದಿಲ್ಲ, ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದಕ್ಕೆ ಎಂಜಿನ್ ರಕ್ಷಣೆಯೆಂಬ ಹೆಚ್ಚುವರಿ ಕಲಮನ್ನು ಬೇರೆ ಹಣ ಕೊಟ್ಟು ಸೇರಿಸಿಕೊಂಡಿದ್ದರೆ ಮಾತ್ರ ಪರಿಹಾರದ ಆಸೆ. ಅದೂ ಸಾಮಾನ್ಯವಾಗಿ ಹೊಸ ಗಾಡಿಗಳಿಗೆ ಸಿಗುವಂಥದು. ಇಪ್ಪತ್ತು ವರ್ಷದ ಜೀಪಿಗೆ ಅದನ್ನು ಕೇಳಿದರೆ ಏಜೆಂಟರು ಚಹಾ ಕುಡಿಸಿ ಕಳಿಸುತ್ತಾರೆ.

ವಾಹನ ಮಾಲಿಕರು ಒಟ್ಟುಗೂಡಿ ಒಬ್ಬರಿಗೊಬ್ಬರು ಆಗುವುದು ಹೊಸ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ ೧೯೦೫ರಲ್ಲಿ ಹುಟ್ಟಿದ ಆಟೊಮೊಬೈಲ್ ಅಸೋಸಿಯೇಷನ್ನಿನ ಮೊದಲ ಕೆಲಸ ಏನೆಂದರೆ, ವೇಗವಾಗಿ ಹೋಗುವ ಕಾರುಗಳನ್ನು ಹಿಡಿಯಲು ಪೊಲೀಸರು ಎಲ್ಲಿ ಅಡಗಿ ಕೂತಿದ್ದಾರೆಂದು ಸೈಕಲ್ ಮೇಲಿನ ಆಳುಗಳ ಮೂಲಕ ಸದಸ್ಯರಿಗೆ ತಿಳಿಸುವುದು! ದಾರಿಯಲ್ಲಿ ಕೆಟ್ಟು ನಿಂತ ಕಾರಿಗೆ ನೆರವಾಗುವ ಗೌರವದ ಕೆಲಸ ಆಮೇಲೆ ಬಂತು. ನಾವು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲೇ, ೧೯೧೯ರಲ್ಲಿ, ಮುಂಬಯಿಯಲ್ಲಿ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಇಂಥ ಸಂಸ್ಥೆಗಳು ಗಾಡಿಯನ್ನು ಎಳೆದು ಗ್ಯಾರೇಜಿಗೆ ಮುಟ್ಟಿಸುತ್ತವೆ. ಗ್ಯಾರೇಜಿನ ಬಿಲ್ಲನ್ನು ಮುಟ್ಟುವುದಿಲ್ಲ.

ಬಿಲ್ಲಿಗೆ ಕೈ ಹಚ್ಚುವವರನ್ನು ನಾನು ಕಂಡದ್ದು ಬೆಳಗಾವಿಯ ಹಳೇ ಗಾಡಿಗಳ ಹುಚ್ಚಿನ ಕೆಲವು ಗೆಳೆಯರಲ್ಲಿ. ಹುಚ್ಚು ಎಂಬ ಮಾತನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಇವರಲ್ಲಿ ವಕೀಲರಿದ್ದಾರೆ, ಫೌಂಡ್ರಿಯವರಿದ್ದಾರೆ, ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಒಬ್ಬರ ಬಳಿ ಅಂಬಾಸಿಡರ್ ಇದೆ. ಅದರ ತಯಾರಿಕೆ ೨೦೧೪ರಲ್ಲಿ ನಿಂತುಹೋದ ಮೇಲೆ ಒಂದೊಂದು ಬಿಡಿಭಾಗಕ್ಕೂ ಊರೂರು ಅಲೆಯಬೇಕು. ಉಳಿದವರವು ಬಹುತೇಕ ಜೀಪುಗಳು. ಭಾನುವಾರ ಒಬ್ಬರ ಅಂಗಳದಲ್ಲಿ ಸೇರಿ ಬಾನೆಟ್ ಎತ್ತಿ ನಿಲ್ಲುತ್ತಾರೆ. ಯಾರಿಗಾದರೂ ದೊಡ್ಡ ಕೆಲಸ ಬಂದರೆ ಚೀಟಿಯ ಮೇಲೆ ಹೆಸರು ಬರೆದು, ಇವರು ಇಷ್ಟು, ಅವರು ಇಷ್ಟು ಎಂದು ಕೂಡಿಸಿ ಕೊಡುತ್ತಾರೆ. ಬಡ್ಡಿ ಇಲ್ಲ, ಕಾಗದವಿಲ್ಲ. ಹೋದ ಸುಗ್ಗಿಯಲ್ಲಿ ಜಾಂಬೋಟಿ ಕಡೆಯ ನಮ್ಮ ಒಬ್ಬ ಸಣ್ಣ ಬೆಳೆಗಾರರ ಡೀಸೆಲ್ ಜೀಪಿನ ಎಂಜಿನ್ ಜಾಮ್ ಆದಾಗ ಇವರೇ ನಿಂತು ಹದಿನೈದು ದಿನದಲ್ಲಿ ಗಾಡಿ ರಸ್ತೆಗಿಳಿಸಿದರು. ಆ ಬೆಳೆಗಾರರು ಅಡಿಕೆ ಮಾರಿ ಹಣ ತೀರಿಸಿದರು; ಅದೂ ಮಾರುಕಟ್ಟೆ ಏರಿದ ಮೇಲೆ, ತಮಗೆ ಸರಿಕಂಡ ದರಕ್ಕೆ.

ಇಂಥ ಕೆಲಸಕ್ಕೆ ಬೆಳಗಾವಿಯಷ್ಟು ಅನುಕೂಲದ ಊರು ಅಪರೂಪ. ಖಾನಾಪುರದಿಂದ ಸುಮಾರು ೨೬ ಕಿಲೋಮೀಟರ್. ದಾರಿಯಲ್ಲೇ ಮಚ್ಛೆ, ಆಮೇಲೆ ಉದ್ಯಮಬಾಗ. ದೊಡ್ಡ ಕಂಪನಿಗಳ ವಾಹನಗಳಿಗೆ ಸಿಲಿಂಡರ್ ಬ್ಲಾಕು, ಹೆಡ್ಡು ಎರಕ ಹೊಯ್ಯುವ ಫೌಂಡ್ರಿಗಳು ಇಲ್ಲಿವೆ. ಅವುಗಳ ನೆರಳಿನಲ್ಲಿ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಮಾಡುವ ಸಣ್ಣ ಲೇಥ್ ಅಂಗಡಿಗಳಿವೆ. ಎರಡನೆಯ ಮಹಾಯುದ್ಧದ ನಂತರ ಸೈನ್ಯ ಹರಾಜು ಹಾಕಿದ ಜೀಪುಗಳ ಕಾಲದಿಂದ ನಮ್ಮ ದೇಶದ ಮಿಸ್ತ್ರಿಗಳ ಕೈ ಈ ಗಾಡಿಗೆ ಪಳಗಿದೆ. ಪೆಟ್ರೋಲ್ ದುಬಾರಿಯಾದಾಗ ಅದೇ ಜೀಪಿಗೆ ಮೆಟಡೋರಿನ ಡೀಸೆಲ್ ಎಂಜಿನ್ ಕೂಡಿಸಿದವರೂ ಇದ್ದಾರೆ. (ಎಂಜಿನ್ ಬದಲಿಸಿದವರು ಆರ್‌ಟಿಓ ಕಚೇರಿಯಲ್ಲಿ ಆರ್‌ಸಿ ಪುಸ್ತಕಕ್ಕೆ ನಮೂದು ಮಾಡಿಸದಿದ್ದರೆ ಮುಂದೆ ವಿಮೆಗೂ ತೊಡಕು, ಮಾರಾಟಕ್ಕೂ ತೊಡಕು.)

ಗೆಳೆಯರ ಈ ಪದ್ಧತಿ ಹತ್ತು ಜನರಲ್ಲಿ ನಡೆಯುತ್ತದೆ. ಅರವತ್ತು ಜನರಲ್ಲಿ ನಡೆದೀತೇ? ಇದು ನಮ್ಮ ಮುಂದಿರುವ ಪ್ರಶ್ನೆ.

ಬೆಳಗಾವಿ ಸೀಮೆಯಲ್ಲಿ ಗಲ್ಲಿಗೊಂದು ಭಿಶಿ ಇರುವುದು ತಮಗೆ ಗೊತ್ತೇ ಇದೆ. ಹನ್ನೆರಡು ಜನ ತಿಂಗಳಿಗೆ ಸಾವಿರದಂತೆ ಹಾಕುತ್ತಾರೆ, ಚೀಟಿ ಎತ್ತಿದವನಿಗೆ ಹನ್ನೆರಡು ಸಾವಿರ. ಮದುವೆಗೆ, ಮನೆಗೆ ಬಣ್ಣ ಹೊಡೆಸುವುದಕ್ಕೆ ಇದು ಸೊಗಸು. ಎಂಜಿನ್ನಿಗೆ ಮಾತ್ರ ಆಗದು. ಎಂಜಿನ್ ತನ್ನ ಪಾಳಿ ಬರುವವರೆಗೆ ಕಾದು ಕೆಡುವುದಿಲ್ಲ. ಮೊದಲ ತಿಂಗಳೇ ಚೀಟಿ ಎತ್ತಿದವನ ಗಾಡಿ ಗುಂಡುಕಲ್ಲಿನಂತೆ ಓಡುತ್ತಿರುತ್ತದೆ, ಗಾಡಿ ನಿಂತವನ ಪಾಳಿ ಶ್ರಾವಣಕ್ಕಿರುತ್ತದೆ. ಹರಾಜಿನ ಭಿಶಿಯಾದರೆ ಅವಸರವಿದ್ದವನೇ ಹೆಚ್ಚು ಬಿಟ್ಟುಕೊಡಬೇಕು, ಅಂದರೆ ಕಷ್ಟದಲ್ಲಿದ್ದವನಿಂದಲೇ ಉಳಿದವರಿಗೆ ಲಾಭ. ಮೇಲಾಗಿ ೧೯೮೨ರ ಚಿಟ್ ಫಂಡ್ ಕಾಯ್ದೆಯಂತೆ ಅನುಮತಿ, ನೋಂದಣಿ ಇಲ್ಲದೆ ದೊಡ್ಡ ಚೀಟಿ ನಡೆಸುವುದು ಅಪರಾಧ. ಸಹಕಾರ ಸಂಘ ಆ ಗೋಜಿಗೆ ಹೋಗಲೇಬಾರದು.

ಬೇರೆ ಮಾದರಿ ನಮ್ಮಲ್ಲೇ ಇದೆ. ಲಂಡನ್ನಿನ ಕಾರಿನವರು ಸಂಘ ಕಟ್ಟಿದ ಅದೇ ೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಊರವರ ಹಣ ಊರವನ ಕಷ್ಟಕ್ಕೆ, ಸಾವುಕಾರನ ಬಡ್ಡಿಯಿಲ್ಲದೆ. ಇನ್ನೂ ಹತ್ತಿರದ ಉದಾಹರಣೆ ಯಶಸ್ವಿನಿ. ೨೦೦೩ರಲ್ಲಿ ಅದು ಜಾರಿಗೆ ಬಂದಾಗ ಸಹಕಾರಿ ರೈತನೊಬ್ಬ ವರ್ಷಕ್ಕೆ ಕಟ್ಟಿದ್ದು ೬೦ ರೂಪಾಯಿ, ಅಂದರೆ ತಿಂಗಳಿಗೆ ಐದು. ಅಷ್ಟರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು ನಮ್ಮ ನಡುವೆಯೇ ಇದ್ದಾರೆ. ೨೦೧೮ರಲ್ಲಿ ಸರ್ಕಾರ ಅದನ್ನು ಬೇರೆ ಯೋಜನೆಯಲ್ಲಿ ಸೇರಿಸಿತು. ರೈತರು ಬಿಡಲಿಲ್ಲ, ಕೇಳುತ್ತಲೇ ಹೋದರು, ೨೦೨೩ರ ಜನವರಿಯಿಂದ ಮತ್ತೆ ಬಂತು. ಮನುಷ್ಯನ ಎಂಜಿನ್ನಿಗೆ ಆದದ್ದು ಜೀಪಿನ ಎಂಜಿನ್ನಿಗೆ ಏಕಾಗಬಾರದು?

ಲೆಕ್ಕ ಹಾಕಿ ನೋಡೋಣ. ಅರವತ್ತು ಸದಸ್ಯರು, ತಲಾ ತಿಂಗಳಿಗೆ ೨೦೦ ರೂಪಾಯಿ. ತಿಂಗಳಿಗೆ ೧೨,೦೦೦, ವರ್ಷಕ್ಕೆ ೧,೪೪,೦೦೦ ಆಯಿತು. ಒಂದು ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಲು ೭೨,೦೦೦ ರೂಪಾಯಿ ಎಂದಿಟ್ಟುಕೊಳ್ಳಿ. ಇದು ಲೆಕ್ಕದ ಅನುಕೂಲಕ್ಕೆ ಹಿಡಿದ ಅಂಕಿ, ಗಾಡಿಯಿಂದ ಗಾಡಿಗೆ ಬೇರೆಯಾಗುತ್ತದೆ. ಮೂರರಲ್ಲೊಂದು ಪಾಲು, ಅಂದರೆ ೨೪,೦೦೦, ಮಾಲಿಕರೇ ಹಾಕಬೇಕು. ಉಳಿದ ೪೮,೦೦೦ ನಿಧಿಯಿಂದ. ತಿಂಗಳಿಗೆ ೨,೦೦೦ದಂತೆ ಎರಡು ವರ್ಷದಲ್ಲಿ ವಾಪಸು, ಬಡ್ಡಿ ಬೇಡ. ಮೊದಲ ನಾಲ್ಕು ತಿಂಗಳು ನಿಧಿಯಲ್ಲಿ ಹಣ ಕೂಡುವವರೆಗೆ ಯಾರಿಗೂ ಕೊಡಲಾಗದು. ಆಮೇಲೆ ನಾಲ್ಕು ತಿಂಗಳಿಗೊಂದರಂತೆ ಮೊದಲ ವರ್ಷ ಮೂರು ಎಂಜಿನ್. ಎರಡನೆಯ ವರ್ಷ ವಂತಿಗೆಯ ೧,೪೪,೦೦೦ದ ಜೊತೆಗೆ ಮರುಪಾವತಿಯ ೭೨,೦೦೦ ಸೇರಿ ೨,೧೬,೦೦೦ ಆಗುತ್ತದೆ. ನಾಲ್ಕು ಎಂಜಿನ್ ಆಗಿಯೂ ೨೪,೦೦೦ ಉಳಿಯುತ್ತದೆ.

ದಾನವಾಗಿ ಕೊಡಬಹುದಲ್ಲವೇ ಎಂದು ಕೆಲವರು ಕೇಳಿದ್ದಾರೆ. ನನ್ನ ಮಟ್ಟಿಗೆ ಬೇಡ. ದಾನ ಪಡೆದವನು ಮುಂದಿನ ಸಭೆಗೆ ತಲೆ ತಗ್ಗಿಸಿ ಬರುತ್ತಾನೆ, ಅಥವಾ ಬರುವುದೇ ಇಲ್ಲ. ಸಾಲ ತೀರಿಸುವವನು ಎಲ್ಲರ ಸಮಕ್ಕೆ ಕೂರುತ್ತಾನೆ.

ಕಠಿಣವಾದ ವಿಷಯ ಹಣದ್ದಲ್ಲ. ಎಂಜಿನ್ ತಾನಾಗಿ ಸವೆದದ್ದೋ, ಮಾಲಿಕನ ಅಸಡ್ಡೆಯಿಂದ ಸುಟ್ಟದ್ದೋ ಎಂಬುದನ್ನು ಯಾರು ಹೇಳಬೇಕು? ಉದ್ಯಮಬಾಗದ ಒಬ್ಬ ವಯಸ್ಸಾದ ಮಿಸ್ತ್ರಿಯವರನ್ನು ಕೇಳಿದೆ. ಅವರು ನಕ್ಕು, "ಸಾಹೇಬ್ರ, ನೀವು ಮಾಲಿಕರನ್ನ ಕೇಳಬ್ಯಾಡ್ರಿ. ಬೇರಿಂಗ್ ಕೇಳ್ರಿ, ಅದು ಸುಳ್ಳು ಹೇಳಂಗಿಲ್ಲ" ಎಂದರು. ಮಾತು ನಿಜ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಎಂಜಿನ್ನಿನಲ್ಲಿ ಬೋರ್ ಮೇಲ್ತುದಿಯಲ್ಲಿ ಮೆಟ್ಟಿಲು ಬಿದ್ದಂತೆ ಸವೆದಿರುತ್ತದೆ, ರಿಂಗುಗಳು ತೆಳುವಾಗಿರುತ್ತವೆ, ಬೇರಿಂಗ್ ಚಿಪ್ಪುಗಳು ಸಮನಾಗಿ ತಿಂದಿರುತ್ತವೆ. ಆ ಗಾಡಿ ಮೊದಲೇ ತಿಂಗಳುಗಟ್ಟಲೆ ನೀಲಿ ಹೊಗೆ ಬಿಟ್ಟು, ಎಣ್ಣೆ ಕುಡಿದು, ಬ್ರೀದರಿನಿಂದ ಉಗುಳಿ ಎಚ್ಚರಿಕೆ ಕೊಟ್ಟಿರುತ್ತದೆ. ಎಣ್ಣೆಯಿಲ್ಲದೆ ಓಡಿಸಿದ ಎಂಜಿನ್ನಿನ ಚಿಪ್ಪು ಕರಗಿ ಕ್ರ್ಯಾಂಕಿಗೆ ಮೆತ್ತಿರುತ್ತದೆ. ರೇಡಿಯೇಟರಿಗೆ ನೀರು ನೋಡದೆ ಏರಿನಲ್ಲಿ ಲೋಡು ಎಳೆಸಿದರೆ ಹೆಡ್ ಸೊಟ್ಟಾಗಿ ಗ್ಯಾಸ್ಕೆಟ್ ಸುಟ್ಟಿರುತ್ತದೆ. ನಮ್ಮ ತೋಟದ ಗಾಡಿಗಳ ಹಣೆಬರಹವೇ ಇದು: ಕೆಸರಿನಲ್ಲಿ ಮೊದಲ ಗೇರಿನಲ್ಲಿ ಎಂಜಿನ್ ಕೂಗುತ್ತಿರುತ್ತದೆ, ಗಾಡಿ ಮಾತ್ರ ನಡೆಯುವ ವೇಗದಲ್ಲಿರುತ್ತದೆ, ಎದುರಿನ ಗಾಳಿ ಸಿಗುವುದಿಲ್ಲ, ರೇಡಿಯೇಟರಿನ ಮುಂದೆ ಮಣ್ಣು ಮೆತ್ತಿರುತ್ತದೆ.

ಆದ್ದರಿಂದ ಬಿಚ್ಚಿದ ಹಳೆಯ ಭಾಗಗಳನ್ನು ಗೋಣಿಚೀಲದಲ್ಲಿ ಕಟ್ಟಿ ಸಮಿತಿಯ ಮೇಜಿನ ಮೇಲೆ ತಂದಿಡಬೇಕೆಂಬ ನಿಯಮ ಇರಲಿ. ಇದರಿಂದ ಇನ್ನೊಂದು ಲಾಭವಿದೆ. ಬದಲಿಸದೆಯೇ ಬದಲಿಸಿದೆನೆಂದು ಬಿಲ್ಲು ಬರೆಯುವ ಗ್ಯಾರೇಜಿನವನೂ ಹುಷಾರಾಗುತ್ತಾನೆ. ಹಣವನ್ನು ಸದಸ್ಯರ ಕೈಗೆ ಕೊಡದೆ ಲೇಥಿಗೆ, ಬಿಡಿಭಾಗದ ಅಂಗಡಿಗೆ ಚೆಕ್ ಮೂಲಕವೇ ಕೊಡಬೇಕು. ಆರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಿದ ರಸೀದಿ ತೋರಿಸದವರಿಗೆ ನಿಧಿ ಇಲ್ಲ ಎಂದರೆ ಗದ್ದಲವಾದೀತು. ಆಗಲಿ. ಆ ಗದ್ದಲದಿಂದಲೇ ಒಂದೆರಡು ಎಂಜಿನ್ ಉಳಿದಾವು.

ಇನ್ನೊಂದು ಅಂಜಿಕೆ ಇದೆ. ಹೊಸ ಗಾಡಿಯವರು, ವಾರಂಟಿ ಇದ್ದವರು, ನಮಗೇಕೆ ಎಂದು ಹೊರಗುಳಿದು, ನಾಳೆಯೋ ನಾಡಿದ್ದೋ ನಿಲ್ಲುವ ಗಾಡಿಗಳೇ ಸೇರಿದರೆ ಮೇಲೆ ಹಾಕಿದ ಲೆಕ್ಕವೆಲ್ಲ ಬುಡಮೇಲು. ಹೊಸ ಗಾಡಿಯೂ ಹಳೆಯದಾಗುತ್ತದೆ ಎಂಬ ಮಾತನ್ನು ದೊಡ್ಡ ಬೆಳೆಗಾರ ಬಂಧುಗಳು ಕಿವಿಗೆ ಹಾಕಿಕೊಳ್ಳಬೇಕು. ಈಗ ಸೇರಿದವರ ವರ್ಷಗಳನ್ನು ಲೆಕ್ಕಕ್ಕೆ ಹಿಡಿದು, ಮುಂದೆ ಅವರಿಗೆ ಅಗತ್ಯ ಬಂದಾಗ ಮೊದಲ ಆದ್ಯತೆ ಕೊಡುವ ಏರ್ಪಾಡು ಮಾಡಬಹುದು. ಹಾಗೆಯೇ ಸೇರಿದ ಆರು ತಿಂಗಳ ಒಳಗೆ ನಿಂತ ಎಂಜಿನ್ನಿಗೆ ನೆರವಿಲ್ಲವೆಂಬ ನಿಯಮವೂ ಬೇಕು. ಕೆಟ್ಟ ಗಾಡಿಯನ್ನು ಎಳೆದುಕೊಂಡೇ ಸದಸ್ಯತ್ವಕ್ಕೆ ಬರುವವರನ್ನು ತಡೆಯಲು ಬೇರೆ ದಾರಿಯಿಲ್ಲ.

ಅಷ್ಟು ಹಳೇ ಗಾಡಿ ಮಾರಿ ಹೊಸದು ಕೊಳ್ಳಬಾರದೇಕೆ ಎಂಬ ಸಲಹೆ ಪಟ್ಟಣದವರಿಂದ ಪದೇ ಪದೇ ಬರುತ್ತದೆ. ಹದಿನೈದು ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕವನ್ನು ೨೦೨೨ರ ಏಪ್ರಿಲಿನಲ್ಲಿ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿಸಿದ್ದೂ ಇದೇ ಉದ್ದೇಶದಿಂದ. ಹೊಗೆಯ ವಿಷಯದಲ್ಲಿ ಅವರ ಮಾತಿನಲ್ಲಿ ಹುರುಳಿದೆ, ಅಲ್ಲವೆನ್ನಲಾರೆ. ಚೆನ್ನಾಗಿ ಬೋರ್ ಮಾಡಿ, ನಾಝಲ್, ಪಂಪು ಸರಿಪಡಿಸಿದ ಎಂಜಿನ್ನು ಹೊಗೆಯನ್ನೂ ಕಡಿಮೆ ಬಿಡುತ್ತದೆ ಎಂಬುದನ್ನೂ ಅವರು ಗಮನಿಸಲಿ. ಎರಡು ಎಕರೆ ಅಡಿಕೆಯವನು ಹತ್ತು ಲಕ್ಷದ ಗಾಡಿಗೆ ಏಳು ವರ್ಷ ಕಂತು ಕಟ್ಟುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಕಾನೂನಿನ ದಾರಿ ಇಷ್ಟು. ಸಂಘದ ಆಪದ್ಧನದಿಂದ ಒಂದು ಪೈಸೆಯನ್ನೂ ಇದಕ್ಕೆ ತೆಗೆಯುವಂತಿಲ್ಲ, ತೆಗೆಯಲೂಬಾರದು. ಸದಸ್ಯರ ವಂತಿಗೆಯಿಂದಲೇ ಪ್ರತ್ಯೇಕ ಖಾತೆಯಲ್ಲಿ ನಿಧಿ ಇರಬೇಕು. ೧೯೫೯ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ಉಪವಿಧಿಗೆ ತಿದ್ದುಪಡಿಯಾಗಿ, ಮಹಾಸಭೆ ಒಪ್ಪಿ, ನಿಬಂಧಕರ ಕಚೇರಿಯಲ್ಲಿ ನೋಂದಣಿಯಾದ ಮೇಲೆಯೇ ಮೊದಲ ರೂಪಾಯಿ ವಸೂಲು ಮಾಡಬೇಕು. ಲೆಕ್ಕ ಪರಿಶೋಧಕರು ಈ ಖಾತೆಯನ್ನೂ ನೋಡಬೇಕು. ಗೆಳೆಯರ ನಡುವೆ ಕಾಗದವಿಲ್ಲದೆ ನಡೆದದ್ದು ಅರವತ್ತು ಜನರಲ್ಲಿ ಕಾಗದವಿಲ್ಲದೆ ನಡೆಯದು.

ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಲು ಆಡಳಿತ ಮಂಡಳಿಯನ್ನು ಕೋರಿದ್ದೇನೆ. ಆಸಕ್ತ ಸದಸ್ಯರು ಗಾಡಿಯ ಮಾದರಿ, ತಯಾರಾದ ವರ್ಷ, ಹಿಂದೆ ಎಂಜಿನ್ ಯಾವಾಗ ಬಿಚ್ಚಿತ್ತು, ಆಗ ತಗುಲಿದ ಖರ್ಚೆಷ್ಟು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಭೆಗೆ ಮೊದಲು ಕಚೇರಿಗೆ ಮುಟ್ಟಿಸಬೇಕು. ಬಿಲ್ಲು ಇದ್ದರೆ ಅದರ ನಕಲನ್ನೂ ಲಗತ್ತಿಸಿರಿ. ಆ ಹಾಳೆಗಳು ಕೈಗೆ ಬಂದ ಮೇಲೆ, ೭೨,೦೦೦ ಎಂದು ನಾನು ಊಹಿಸಿ ಹಿಡಿದ ಅಂಕಿಯ ಜಾಗದಲ್ಲಿ ನಮ್ಮದೇ ತಾಲೂಕಿನ ನಿಜವಾದ ಅಂಕಿಯನ್ನಿಟ್ಟು, ವಂತಿಗೆ ೨೦೦ ಸಾಕೋ ೩೦೦ ಬೇಕೋ ಎಂಬುದನ್ನು ಸಭೆಯಲ್ಲೇ ಲೆಕ್ಕ ಹಾಕಿ ತೀರ್ಮಾನಿಸಬಹುದು.